ಥಿನ್ನರ್ ಡ್ರಮ್ಮಿಗೆ ಅಮಾವಾಸ್ಯೆಯ ಆರತಿ

ಬಾಯಿ ತೆರೆದ ಥಿನ್ನರ್ ಡ್ರಮ್ಮಿಗೆ ಕರ್ಪೂರದ ಆರತಿ ಬೆಳಗಿದ್ದನ್ನು ನೀವು ಎಂದಾದರೂ ನೋಡಿದ್ದೀರಾ? ನಾನು ನೋಡಿದೆ. ಹೋದ ವಾರ, ತಾರಿಹಾಳದ ಒಂದು ಪೇಂಟಿಂಗ್ ಶೆಡ್ಡಿನಲ್ಲಿ.

ನನ್ನ ಕೆಲಸ ಕಾರ್ಖಾನೆಗಳ ಸುರಕ್ಷತಾ ತಪಾಸಣೆ. ಯಾವ ಕೆಮಿಕಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ, ಹೊತ್ತಿಕೊಂಡರೆ ಯಾರ ಗತಿ ಏನು ಎಂದು ನೋಡಿ ವರದಿ ಬರೆಯುವುದು. (ಆಮೇಲೆ ಆ ವರದಿ ಏನಾಗುತ್ತದೆ? ಫೈಲಿನಲ್ಲಿ ಸುಖವಾಗಿರುತ್ತದೆ.) ಇಪ್ಪತ್ತು ವರ್ಷ ಹೇಳಿದ್ದನ್ನೇ ಹೇಳಿ ಸಾಕಾಗಿದೆ.

ಅವತ್ತು ಅಮಾವಾಸ್ಯೆ. ನಮ್ಮ ಕಡೆ ಅಂಗಡಿ, ಗಾಡಿ, ಮಷೀನು ಎಲ್ಲಕ್ಕೂ ಪೂಜೆ. ಮಾಲೀಕ ಕಲ್ಲಪ್ಪಣ್ಣ ಕಂಪ್ರೆಸರಿಗೆ ವಿಭೂತಿ ಹಚ್ಚಿದರು, ಸ್ಪ್ರೇ ಗನ್ನಿಗೆ ಹೂ ಏರಿಸಿದರು. ಇನ್ನು ಉಳಿದದ್ದು ಡ್ರಮ್ಮು. ಅದರ ಪಕ್ಕದಲ್ಲೇ ಕೆಲಸದ ಶಾಂತವ್ವ ಕೂತು, ಥಿನ್ನರಿನಲ್ಲಿ ಬಟ್ಟೆ ಅದ್ದಿ ಕಬ್ಬಿಣದ ಗೇಟು ಒರೆಸುತ್ತಿದ್ದಳು. ಶೆಡ್ಡಿಗೆ ಇರುವುದು ಒಂದೇ ಬಾಗಿಲು, ಅದೂ ಡ್ರಮ್ಮಿನ ಆಚೆ. ಬೆಂಕಿ ಬಿದ್ದರೆ ಆಕೆ ಓಡಬೇಕಾದದ್ದು ಬೆಂಕಿಯ ಕಡೆಗೇ!

"ಕಲ್ಲಪ್ಪಣ್ಣಾರ, ಕರ್ಪೂರ ಹೊರಗ ಹಚ್ರಿ," ಎಂದೆ. "ಥಿನ್ನರ್ ಕಾಸೂದೇನೂ ಬ್ಯಾಡ್ರಿ, ಈ ಸೆಕಿಗೇ ಆವಿ ಏಳತದ. ಹತ್ತೂದು ಆ ಆವಿನ. ಅದು ನೆಲಾ ಹಿಡದು ಹರಕೋತ ಹೋಗತದ, ಕಣ್ಣಿಗೆ ಕಾಣಂಗಿಲ್ಲ."

"ಹದಿನೆಂಟ ವರ್ಷಾತ್ರಿ ಸರ್ರ, ಹಿಂಗ ಪೂಜಾ ಮಾಡಾಕತ್ತೇನಿ. ಏನರ ಆಗೇತೇನ್ರಿ? ಪೂಜಾ ಮಾಡೂದಕ್ಕನ ಏನೂ ಆಗಿಲ್ಲ!"

ಇದಕ್ಕೆ ಯಾವ ಮ್ಯಾನ್ಯುಯಲ್‌ನಲ್ಲಿ ಉತ್ತರವಿದೆ ಹೇಳಿ? ಡ್ರಮ್ಮಿನ ಮುಚ್ಚಳವನ್ನಾದರೂ ಹಾಕಿಸಬೇಕಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಕರ್ಪೂರ ಹತ್ತಿತು, ಡ್ರಮ್ಮಿಗೆ ಆರತಿ ಬೆಳಗಿ ತಟ್ಟೆ ನನ್ನ ಮುಂದೆ ಬಂತು. ಬೇಡ ಎಂದರೆ ದೇವರಿಗೂ ಬೇಜಾರು, ಮಾಲೀಕರಿಗೂ ಬೇಜಾರು. ಕೈಗಳು ತಾವಾಗಿಯೇ ಚಾಚಿಕೊಂಡವು. ಡ್ರಮ್ಮಿನಿಂದ ಎರಡು ಹೆಜ್ಜೆ ದೂರದಲ್ಲಿ ಆರತಿ ಕಣ್ಣಿಗೊತ್ತಿಕೊಂಡೆ. ಮೂಗಿನ ತುಂಬ ಥಿನ್ನರ್ ವಾಸನೆ.

ಏನೂ ಆಗಲಿಲ್ಲ. ಹತ್ತೊಂಬತ್ತನೇ ವರ್ಷಕ್ಕೆ ಇನ್ನೊಂದು ಸಾಕ್ಷಿ ಕೊಟ್ಟು ಬಂದ ಹಾಗಾಯಿತು. ನಾಚಿಕೆಯಾಯಿತು.

ತಿರುಗಿ ನೋಡಿದರೆ ಶಾಂತವ್ವ ತನ್ನ ಜಾಗದಲ್ಲಿಲ್ಲ. ಯಾವಾಗ ಎದ್ದಳೋ, ಬಾಗಿಲಾಚೆ ಬಿಸಿಲಿನಲ್ಲಿ ನಿಂತು ಅಲ್ಲಿಂದಲೇ ಕೈಮುಗಿಯುತ್ತಿದ್ದಳು.

"ಯಾಕ ಶಾಂತವ್ವಾ, ಹೊರಗ ನಿಂತೀ?"

"ಆವಿ ಹತ್ತತೈತಿ ಅಂತ ನೀವ ಹೇಳಿದ್ರಲ್ರೀ ಸಾಹೇಬ್ರ. ಅದಕ್ಕ ಹೊರಗ ಬಂದ್ನಿ. ನೀವ್ಯಾಕ ಒಳಗ ನಿಂತ್ರಿ?"

ವರದಿಯಲ್ಲಿ ಎರಡನೇ ಬಾಗಿಲು ಬೇಕೇ ಬೇಕು ಎಂದು ಬರೆದಿದ್ದೇನೆ. ಆಕೆ ಕೇಳಿದ್ದಕ್ಕೆ ಏನು ಬರೆಯಲಿ?