ಅಮೋನಿಯಾ ಮೂಸುವ ಪದರ

ಅವಳು ಕೂತಲ್ಲಿ ಕೂರಲಾರದವಳು. ಪ್ರಯೋಗಾಲಯದಲ್ಲಿ ಗಾಜಿನ ಚೂರುಗಳ ಮೇಲೆ ತವರದ ಆಕ್ಸೈಡಿನ ಪದರ ಹತ್ತಿಸುವುದು ಅವಳ ಕೆಲಸ. ಕೂದಲೆಳೆಗಿಂತ ನೂರಾರು ಪಟ್ಟು ತೆಳುವಾದ ಪದರ. ಅನಿಲ ಸೋಕಿದರೆ ಅದರಲ್ಲಿ ವಿದ್ಯುತ್ ಹರಿಯುವ ಬಗೆ ಬದಲಾಗುತ್ತದೆ, ಅದಕ್ಕೆ ಜೋಡಿಸಿದ ಗಂಟೆ ಹೊಡೆಯುತ್ತದೆ. ಪದರ ಹತ್ತುವವರೆಗೆ ಯಂತ್ರದ ಮುಚ್ಚಳ ತೆಗೆಯುವಂತಿಲ್ಲ. ಅಷ್ಟು ಹೊತ್ತೂ ಅವಳು ಕಾರಿಡಾರಿನಲ್ಲಿ ಶತಪಥ ಹಾಕುತ್ತಿದ್ದಳು.

ಅವಳ ಅಣ್ಣ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕಂಪ್ರೆಸರ್ ನೋಡಿಕೊಳ್ಳುವವನು. ಹಿಂದಿನ ವರ್ಷ ಅಲ್ಲಿ ನೀರು ಹೆಪ್ಪುಗಟ್ಟಿಸಲು ಬಳಸುವ ಅಮೋನಿಯಾ ಸೋರಿ ಅವನ ಜೊತೆಗಾರನೊಬ್ಬ ಕಣ್ಣು ಕಳೆದುಕೊಂಡಿದ್ದ. ಅಂದಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ಮಾಲೀಕರನ್ನು ಕಾಡಿ ಬೇಡಿ, ತಾನು ಮಾಡಿದ ಸೆನ್ಸರ್ ಪೆಟ್ಟಿಗೆಯನ್ನು ಕಂಪ್ರೆಸರ್ ಕೋಣೆಯ ಗೋಡೆಗೆ ಹಾಕಿಸಿದಳು. ಅದು ಮೊದಲ ದಿನವೇ ಸುಮ್ಮಸುಮ್ಮನೆ ಕಿರುಚಿತು. ಆಮೇಲೂ ಅದೇ ಗೋಳು. ಕೆಲಸಗಾರರಿಗೆ ಹೊರಗೆ ಓಡಿ ಓಡಿ ಸಾಕಾಯಿತು.

"ಪುಟ್ಟಿ, ನಿನ್ನ ಪೆಟ್ಟಿಗೆಗೆ ನೆಗಡಿ ಆಗಿದೆ ಅಂತ ಎಲ್ಲಾ ನಗ್ತಾರೆ," ಎಂದ ಅಣ್ಣ. "ಇವತ್ತು ಯಾರೋ ವೈರೇ ಕಿತ್ತಾಕಿದ್ರು."

"ಯಾವಾಗ ಹೊಡ್ಕೊಳ್ಳತ್ತೆ ಅದು?"

"ನೆಲ ತೊಳೆದಾಗೆಲ್ಲ."

ಅವಳು ಹಣೆ ಚಚ್ಚಿಕೊಂಡಳು. ತೇವದ ಗಾಳಿ ಸೋಕಿದರೂ ಪದರಕ್ಕೆ ಅನಿಲ ಸೋಕಿದ ಹಾಗೇ ಆಗುತ್ತಿತ್ತು. ಹೊಸ ಪದರ ಮಾಡಿ, ಅದರ ಮೇಲೆ ತೇವ ನಿಲ್ಲದಂತೆ ಅಡಿಯಲ್ಲಿ ಇನ್ನಷ್ಟು ಬಿಸಿಯಾಗುವ ತಂತಿ ಇಟ್ಟಳು. ಹಬೆಗೆ ಹಿಡಿದರೆ ಸುಮ್ಮನಿತ್ತು, ಅಮೋನಿಯಾ ತೋರಿಸಿದರೆ ಕೂಗಿತು. ಆದರೂ ಅವಳಿಗೆ ನೆಮ್ಮದಿಯಿಲ್ಲ.

ಅದನ್ನು ಪೆಟ್ಟಿಗೆಯಲ್ಲಿಟ್ಟು ಮತ್ತೆ ಗೋಡೆಗೆ ಹಾಕಿಸಿದ ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ, ಆಗತಾನೆ ತೊಳೆದ ನೆಲ ಇನ್ನೂ ಆರಿರಲಿಲ್ಲ, ಗಂಟೆ ಹೊಡೆಯಿತು. ಯಾರೂ ಕದಲಲಿಲ್ಲ.

"ಮತ್ತೆ ನೆಗಡಿ," ಎಂದನೊಬ್ಬ.

ಅಣ್ಣನ ಮೂಗಿಗೂ ಯಾವ ವಾಸನೆಯೂ ಬಡಿದಿರಲಿಲ್ಲ. ಆದರೂ ಒಬ್ಬೊಬ್ಬರ ರಟ್ಟೆ ಹಿಡಿದು ಆಚೆ ದಬ್ಬಿದ. "ಸುಳ್ಳಾದ್ರೆ ನನ್ನ ಬೈರಿ. ಮೊದ್ಲು ನಡೀರಿ."

ಅವರು ಅಂಗಳ ಮುಟ್ಟುವಷ್ಟರಲ್ಲಿ ವಾಲ್ವಿನ ವಾಷರ್ ಪೂರಾ ಹರಿದು ಕೋಣೆ ತುಂಬ ಬಿಳಿ ಹೊಗೆ ಎದ್ದಿತು. ಯಾರಿಗೂ ಏನೂ ಆಗಲಿಲ್ಲ.

ಸುದ್ದಿ ಕೇಳಿ ಅವಳು ಏದುಸಿರು ಬಿಡುತ್ತಾ ಬಂದಳು. ಅಣ್ಣನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ನೋಡಿದಳು. ಆಮೇಲೆ ಕೇಳಿದಳು, "ಪೆಟ್ಟಿಗೆ ಬಿಚ್ಚಿಕೊಡು. ನೆಲ ಒದ್ದೆ ಇತ್ತಂತೆ. ಅದು ಅನಿಲಕ್ಕೆ ಹೊಡ್ಕೊಂಡಿತೋ ನೀರಿಗೋ, ನೋಡ್ಬೇಕು."

"ತಲೆ ಕೆಟ್ಟಿದೆಯಾ ನಿಂಗೆ? ನಾವೆಲ್ಲ ಉಳಿದಿದೀವಲ್ಲ."

"ಅದಕ್ಕೇ ನೋಡ್ಬೇಕು ಅಂತಿರೋದು."

ಅಣ್ಣ ಕೊಡಲಿಲ್ಲ, ನಕ್ಕಿದ್ದವರೂ ಮುಟ್ಟಗೊಡಲಿಲ್ಲ. ತಾಳೆ ನೋಡಲು ಅವಳು ಅದರ ಪಕ್ಕದಲ್ಲೇ ಇನ್ನೊಂದನ್ನು ಹಾಕಿ ಬಂದಳು. ಈಗ ಮೂರನೆಯದರ ಪದರ ಹತ್ತಿಸುತ್ತಿದ್ದಾಳೆ.