ಗಿಳಿಗೊಂದು ಪೋಟ ಕಾರ್ಡು

ನಮ್ಮ ಮನೆಯಲ್ಲಿ ಎರಡು ಭಾಷೆಗಳು ಓಡಾಡುತ್ತವೆ. ಎರಡೂ ಸ್ವಲ್ಪ ಕುಂಟುತ್ತವೆ. ನನ್ನ ಹೆಂಡತಿ ಸುಮನ ನಿಪ್ಪಾಣಿಯವಳು, ಮರಾಠಿಯಲ್ಲೇ ಹುಟ್ಟಿ ಬೆಳೆದವಳು. ನಾನು ಅಥಣಿ ತಾಲ್ಲೂಕಿನ ಅನಂತಪುರದವನು. ಇಬ್ಬರ ಊರಿಗೂ ನಡುವೆ ಇರಲಿ ಎಂದು ಚಿಕ್ಕೋಡಿಯಲ್ಲಿ ಮನೆ ಮಾಡಿದೆವು. ಅವಳು ಮರಾಠಿಯಲ್ಲಿ ಕೇಳುತ್ತಾಳೆ, ನಾನು ಕನ್ನಡದಲ್ಲಿ ಉತ್ತರ ಕೊಡುತ್ತೇನೆ. ಜಗಳ ಬಿಸಿಯಾದಾಗ ಮಾತ್ರ ಇದು ಅದಲುಬದಲಾಗುತ್ತದೆ. ತನ್ನ ಮಾತು ನನಗೆ ಚೆನ್ನಾಗಿ ನಾಟಲೆಂದು ಅವಳು ಕನ್ನಡಕ್ಕೆ ಬರುತ್ತಾಳೆ, ಅದೇ ಸದುದ್ದೇಶದಿಂದ ನಾನು ಮರಾಠಿಗೆ ಹೋಗುತ್ತೇನೆ. ಆಗ ಇಬ್ಬರ ವ್ಯಾಕರಣವೂ ಹದಗೆಟ್ಟು, ಯಾರಾದರೊಬ್ಬರಿಗೆ ನಗು ಬಂದು, ಜಗಳ ಅರ್ಧಕ್ಕೇ ನಿಂತುಹೋಗುತ್ತದೆ.

ಇಂಥ ಮನೆಯೊಳಗೆ ಪ್ಯಾರಲಲ್ ಪೋರ್ಟ್ ಕಾರ್ಡ್ ಎಂಬ ವಸ್ತು ಬಂದದ್ದು ಹೇಗೆ ಎಂದು ನೀವು ಕೇಳಬಹುದು. ಹೇಳುತ್ತೇನೆ, ಆದರೆ ಮೊದಲು ಗಿಳಿಯ ವಿಷಯ ಹೇಳಬೇಕು.

ನಮ್ಮ ಕಡೆ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವ ಪದ್ಧತಿ ನಿಮಗೆ ಗೊತ್ತೇ ಇದೆ. ಮರದ ಅಚ್ಚುಗಳನ್ನು ನೀರಲ್ಲಿ ನೆನೆಸಿ, ಎರಡು ಹೋಳುಗಳನ್ನು ಜೋಡಿಸಿ ದಾರ ಸುತ್ತಿ, ಒಳಗೆ ಸಕ್ಕರೆ ಪಾಕ ಹೊಯ್ಯುತ್ತಾರೆ. ಆರಿದ ಮೇಲೆ ಬಿಚ್ಚಿದರೆ ಆನೆ, ನವಿಲು, ತುಳಸಿಕಟ್ಟೆ ಬೆಳ್ಳಗೆ ಹೊರಗೆ ಬರುತ್ತವೆ. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಸೀರೆಯ ಜೊತೆ ಇದನ್ನು ಒಯ್ಯುತ್ತಾರೆ. ನಮ್ಮ ನಿಶ್ಚಯವಾದ ವರ್ಷ ನನ್ನ ಅವ್ವ ಅನಂತಪುರದಿಂದ ನಿಪ್ಪಾಣಿಗೆ ಹೀಗೇ ಒಂದು ತಟ್ಟೆ ಹೊತ್ತುಕೊಂಡು ಹೋಗಿದ್ದಳು. ಅವ್ವನಿಗೆ ಮರಾಠಿ ಬಾರದು, ಸುಮನಳಿಗೆ ಆಗ ಕನ್ನಡ ಬಾರದು. ಅವ್ವ ತಟ್ಟೆಯಿಂದ ಒಂದು ಸಕ್ಕರೆ ಗಿಳಿಯನ್ನು ಎತ್ತಿ ಅವಳ ಅಂಗೈಯಲ್ಲಿ ಇಟ್ಟು, ಕೆನ್ನೆ ಸವರಿ ಬಂದಳಂತೆ. ಅತ್ತೆ ಸೊಸೆ ಆ ದಿನ ಆಡಿದ ಮಾತು ಅಷ್ಟೇ.

ಈ ವರ್ಷ ನಮ್ಮ ಮಗ ಮಹೇಶನಿಗೆ ಮುಗಳಖೋಡದ ಶ್ರುತಿಯ ಜೊತೆ ನಿಶ್ಚಯವಾಯಿತು. ಸುಮನ ಕೂಡಲೇ ಅಟ್ಟದ ಮೇಲಿನ ಅಚ್ಚಿನ ಪೆಟ್ಟಿಗೆ ಇಳಿಸಿದಳು. ಅವ್ವ ಹೋದ ಮೇಲೆ ಅದನ್ನು ಯಾರೂ ತೆರೆದಿರಲಿಲ್ಲ. ಆನೆ ನೆಟ್ಟಗಿತ್ತು, ನವಿಲು ನೆಟ್ಟಗಿತ್ತು. ಗಿಳಿಯ ಒಂದು ಹೋಳು ಮಾತ್ರ ಉಳಿದಿತ್ತು, ಇನ್ನೊಂದನ್ನು ಗೆದ್ದಲು ತಿಂದು ಪುಡಿ ಮಾಡಿತ್ತು. ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮಗ, ಸಕ್ಕರೆಯ ವಿಷಯದಲ್ಲಿ ತನ್ನದೇ ಕೊನೆಯ ಮಾತು ಎನ್ನುವಂತೆ, “ಪ್ಯಾಟ್ಯಾಗ ಬೇಕಾದಷ್ಟು ಸಿಗ್ತಾವಲ್ಲ ಮಮ್ಮಿ” ಅಂದ.

“ಅಂಗಡ್ಯಾಗಿನ ಗಿಳಿ ನಂಗ ಬ್ಯಾಡ,” ಅಂದಳು ಸುಮನ. “ಅತ್ತಿ ನನಗ ಕೊಟ್ಟ ಗಿಳೀನ ಆ ಹುಡಿಗೀಗಿ ಹೋಗ್ಬೇಕು.”

ಕನ್ನಡದಲ್ಲಿ ಹೇಳಿದಳು, ಅಂದರೆ ವಿಷಯ ಗಂಭೀರ. ಉಳಿದ ಒಂದು ಹೋಳನ್ನು ಸೆರಗಿನಿಂದ ಒರೆಸುತ್ತ ಕೂತ ಅವಳ ಮುಖ ನೋಡಿ ನನಗೆ ಸಂಕಟವಾಯಿತು. ಬಡಗಿಯ ಹತ್ತಿರ ಹೋಗಬಹುದಿತ್ತು. ಆದರೆ ನನ್ನ ಬಾಯಿ ನನ್ನನ್ನು ಕೇಳಿ ಮಾತಾಡುವುದಿಲ್ಲ. “ಬಡಿಗ್ಯಾರ ಯಾಕ, ನಾನ ಮಾಡಿ ಕೊಡ್ತೇನಿ” ಅಂದುಬಿಟ್ಟೆ.

ಈ ಧೈರ್ಯ ಎಲ್ಲಿಂದ ಬಂತೆಂದರೆ, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದ ಮೇಲೆ ನಾನು ಹಿಂದಿನ ಕೋಣೆಯಲ್ಲಿ ಒಂದು ಯಂತ್ರ ಕಟ್ಟಿದ್ದೇನೆ. ಕಂಪ್ಯೂಟರ್ ಹೇಳಿದಂತೆ ಮೂರು ಮೋಟಾರು ತಿರುಗಿ, ಒಂದು ಉಳಿ ಮರದ ಮೇಲೆ ಓಡಾಡಿ ಕೆತ್ತುತ್ತದೆ. ಓಣಿಯವರು ಇದನ್ನು ರೊಟ್ಟಿ ಬಡಿಯುವ ಮಷಿನ್ ಎಂದು ತಿಳಿದಿದ್ದಾರೆ, ನಾನೂ ತಿದ್ದಲು ಹೋಗಿಲ್ಲ. ಇಲ್ಲಿಯವರೆಗೆ ಇದು ಕೆತ್ತಿದ್ದು ಬಾಗಿಲ ಮೇಲಿನ ನಮ್ಮ ಹೆಸರಿನ ಫಲಕ ಒಂದೇ. ಅದರಲ್ಲೂ ಸುಮನಳ ಹೆಸರಿನ ಕೊಂಬು ಸ್ವಲ್ಪ ಅತ್ತ ಸರಿದಿದೆ.

ಹುರುಪಿನಲ್ಲಿ ಉಳಿದ ಹೋಳನ್ನು ಯಂತ್ರಕ್ಕೆ ಕಟ್ಟಿ, ಒಂದು ಸೂಜಿಯನ್ನು ಅದರ ತಗ್ಗುದಿನ್ನೆಗೆಲ್ಲ ಮುಟ್ಟಿಸಿ, ಪೂರ್ತಿ ಅಳತೆಯನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಅದನ್ನು ಪೆನ್ ಡ್ರೈವಿಗೂ ಹಾಕಿಟ್ಟೆ. ಅದಾದ ಮಾರನೆಯ ದಿನವೇ ಕಂಪ್ಯೂಟರ್ ಸತ್ತಿತು. ಹಳೆಯ ಜೀವ, ನಾನು ಅಳುವುದಿಲ್ಲ. ಆದರೆ ಯಂತ್ರಕ್ಕೆ ಅಪ್ಪಣೆ ಕೊಡುವ ಆ ಅಗಲವಾದ, ಇಪ್ಪತ್ತೈದು ತೂತಿನ ಬಾಯಿ ಅದಕ್ಕಿತ್ತು. ಹಿಂದೆ ಪ್ರಿಂಟರ್ ಸಿಕ್ಕಿಸುತ್ತಿದ್ದೆವಲ್ಲ, ಅದೇ ಪ್ಯಾರಲಲ್ ಪೋರ್ಟು. ಮುಚ್ಚಿಹೋದ ಸೈಬರ್ ಕೆಫೆಯೊಂದರಿಂದ ತಂದ ಬದಲಿ ಕಂಪ್ಯೂಟರಿಗೆ ಆ ಬಾಯಿಯೇ ಇಲ್ಲ. ಬಾಯಿ ಬೇಕೆಂದರೆ ಒಂದು ಕಾರ್ಡು ತಂದು ಹೊಟ್ಟೆಯೊಳಗೆ ಕೂರಿಸಬೇಕು.

ಸುಮನಳ ತಮ್ಮ ದಿಲೀಪ ನಿಪ್ಪಾಣಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಮಾಲು ತರಲು ಆಗಾಗ ಕೊಲ್ಹಾಪುರಕ್ಕೆ ಹೋಗುತ್ತಾನೆ. ಅವನಿಗೆ ಹೇಳು ಎಂದು ಸುಮನಳಿಗೆ ಒಪ್ಪಿಸಿದೆ. ಅವಳು ಫೋನಿನಲ್ಲಿ, “ಹ್ಯಾಂನಾ ಪೋಟ ಕಾರ್ಡ ಪಾಹಿಜೆ. ಲೈ ಅರ್ಜಂಟ ಆಹೆ” ಅಂದಳು. ಇವರಿಗೆ ಪೋಟ ಕಾರ್ಡು ಬೇಕು, ಬಹಳ ಅರ್ಜೆಂಟು ಎಂದು.

ಇಲ್ಲಿ ಸ್ವಲ್ಪ ನಿಲ್ಲಿ. ನಮ್ಮ ಕಡೆ ಪೋರ್ಟಿನ ರಕಾರ ಯಾರ ನಾಲಗೆಯಲ್ಲೂ ಉಳಿಯುವುದಿಲ್ಲ, ಅದು ಪೋಟ್ ಆಗುತ್ತದೆ. ಕನ್ನಡದವನಿಗೆ ಇದರಿಂದ ತೊಂದರೆ ಇಲ್ಲ. ಆದರೆ ಮರಾಠಿಯಲ್ಲಿ ಪೋಟ ಎಂದರೆ ಹೊಟ್ಟೆ.

ಭಾನುವಾರ ದಿಲೀಪ ಮುಖ ಸಣ್ಣದು ಮಾಡಿಕೊಂಡು ಬಂದ. ಕೈಯಲ್ಲಿ ಒಂದು ಬಾಟಲಿ ಓಮಿನ ಕಷಾಯ, ಜೇಬಿನಲ್ಲಿ ಕೊಲ್ಹಾಪುರದ ಹೊಟ್ಟೆ ಡಾಕ್ಟರರ ಅಪಾಯಿಂಟ್‌ಮೆಂಟ್ ಕಾರ್ಡು. ನನ್ನ ಹೆಸರೂ ವಯಸ್ಸೂ ಅದರಲ್ಲಿ ಬರೆದಿತ್ತು. ನನ್ನ ಪಕ್ಕ ಕೂತು, ಭಾವ ಹೆದರಬೇಡಿ ಎಂದು ಮರಾಠಿಯಲ್ಲಿ ಶುರುಮಾಡಿ, ಮೆಲ್ಲಗೆ ಹೇಳಿದ: “ದಾಜಿ, ಘಾಬರೂ ನಕಾ. ಹೊಟ್ಟಿ ಅಂದ್ರ ಅವ್ರ ಕಡೀನ ಹೋಗ್ಬೇಕ್ರಿ. ನಾ ಇದ್ದೇನಿ, ಗಾಡೀನೂ ನಂದ ಐತಿ.”

ಮೂವರೂ ನಕ್ಕು ನಕ್ಕು ಆ ಕಷಾಯವನ್ನೇ ಹಂಚಿ ಕುಡಿದೆವು. ಆದರೆ ಒಂದು ಮಾತು ಹೇಳಬೇಕು: ಭಾವನ ಹೊಟ್ಟೆಗಾಗಿ ಎರಡು ದಿನ ಅಂಗಡಿ ಬಿಟ್ಟು ಡಾಕ್ಟರರ ಬಾಗಿಲು ಕಾದ ಮನುಷ್ಯನ ಮೇಲೆ ನನಗೆ ಆವತ್ತು ಬಹಳ ಪ್ರೀತಿ ಬಂತು. ಪೋಟ ಕಾರ್ಡ್ ಎಂಬ ಹೆಸರೂ ಅಂದಿನಿಂದ ಮನೆಯಲ್ಲಿ ಖಾಯಂ ಆಯಿತು.

ನಗು ಮುಗಿದ ಮೇಲೆ ಕ್ಯಾಲೆಂಡರ್ ನೋಡಿದರೆ ದೀಪಾವಳಿ ಬಾಗಿಲಿಗೆ ಬಂದಿತ್ತು, ಅದರ ಹಿಂದೆಯೇ ಗೌರಿ ಹುಣ್ಣಿಮೆ. ಈಗ ಕಾರ್ಡು ಆರಿಸುವ ಕಷ್ಟ ಶುರುವಾಯಿತು. ದಿಲೀಪ ಮೊದಲು ತಂದದ್ದು ಒಂದು ವಯರು: ಒಂದು ತುದಿ ಯುಎಸ್‌ಬಿ, ಇನ್ನೊಂದು ತುದಿ ನಮಗೆ ಬೇಕಾದ ಅಗಲ ಬಾಯಿ. ನೋಡಲು ಬಲು ಲಕ್ಷಣ. ಸಿಕ್ಕಿಸಿದರೆ ಮೋಟಾರು ಮಿಸುಕಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಪ್ರಿಂಟರಿನ ಭಾಷೆ ಮಾತ್ರ. ಪ್ರಿಂಟರಿಗೆ ಮಾತನ್ನು ಮೂಟೆ ಕಟ್ಟಿ ಯಾವಾಗ ಕಳಿಸಿದರೂ ನಡೆಯುತ್ತದೆ, ಮೋಟಾರಿಗೆ ಒಂದೊಂದು ಮಿಡಿತವೂ ಹೊತ್ತಿಗೆ ಸರಿಯಾಗಿ ಬರಬೇಕು. ಎರಡನೆಯದು ನಿಜವಾದ ಕಾರ್ಡೇ, ಆದರೆ ಹಳೇ ಕಾಲದ ಉದ್ದ ಹಲ್ಲಿನದು. ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿದ್ದದ್ದು ಗಿಡ್ಡ ಸಂದು. ನಾನು ಕಾರ್ಡನ್ನು ಹಾಗೆ ಹೀಗೆ ತಿರುಗಿಸಿ ಒತ್ತುತ್ತಿರುವುದನ್ನು ಸುಮನ ಬಾಗಿಲಲ್ಲಿ ನಿಂತು ನೋಡಿದಳು.

“ಮುಗಳಖೋಡಕ್ಕ ಹೋಗಿ ಒಂದ್ ಚಾ ಕುಡಿಯೂದ್ರಾಗ ಸೊಸೀನ ಆರಿಸಿ ಬಂದ್ವಿ,” ಅಂದಳು, “ಈ ಪೋಟ ಕಾರ್ಡಿಗಿ ಎಷ್ಟ್ ಕನ್ಯಾ ನೋಡ್ತೀರಿ?”

ಮೂರನೆಯದು ಕೂತಿತು. ಗಿಡ್ಡ ಹಲ್ಲಿನ, ಹಸಿರು ಮೈಯ, ನನ್ನ ಅಂಗೈಗಿಂತ ಚಿಕ್ಕ ಕಾರ್ಡು. ಆದರೂ ಯಂತ್ರ ಮಾತಾಡಲಿಲ್ಲ. ಒಂದಿಡೀ ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು: ಇಂಥ ಕಾರ್ಡುಗಳಿಗೆ ಕಂಪ್ಯೂಟರಿನೊಳಗೆ ಒಂದು ವಿಳಾಸ ಇರುತ್ತದೆ. ನಾನು ಅಪ್ಪಣೆಗಳನ್ನೆಲ್ಲ ಸತ್ತ ಕಂಪ್ಯೂಟರಿನ ವಿಳಾಸಕ್ಕೇ ಕಳಿಸುತ್ತ ಕೂತಿದ್ದೆ. ಹೊಸ ವಿಳಾಸ ಹುಡುಕಿ ಬರೆದೆ, ಒಂದೊಂದು ವಯರಿನ ಕೆಲಸವನ್ನೂ ಹೊಸದಾಗಿ ಗೊತ್ತುಮಾಡಿದೆ. ಮೋಟಾರು ಗುರ್ ಅಂದಿತು. ನಾನೂ ಕೂಗಿಕೊಂಡೆ, ಆಚೆ ಮನೆಯವರು ರೊಟ್ಟಿ ಆಯಿತೆಂದುಕೊಂಡಿರಬೇಕು.

ಅಂದಹಾಗೆ, ಪ್ಯಾರಲಲ್ ಎಂದರೆ ಸಮಾನಾಂತರ. ಸಮಾನಾಂತರ ರೇಖೆಗಳು ಎಂದೂ ಸೇರುವುದಿಲ್ಲ ಎಂದು ಜೀವಮಾನವಿಡೀ ಹಲಗೆಯ ಮೇಲೆ ಬರೆದವನು ನಾನು. ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು, “ಸೇರೂದ ಇಲ್ಲಂದ್ರ ಜೋಡೀಲೆ ಯಾಕ ಹೋಗ್ತಾವ್ರಿ ಸರ?” ಎಂದು ಕೇಳಿದ್ದಳು. ತರಗತಿ ನಕ್ಕಿತು, ನಾನೂ ನಕ್ಕು ಕೂರಿಸಿದೆ. ಈ ಪೋರ್ಟಿನ ಇಪ್ಪತ್ತೈದರಲ್ಲಿ ಎಂಟು ತಂತಿಗಳು ಒಂದಕ್ಕೊಂದು ಸೇರದೆ, ಒಂದೇ ಮಾತನ್ನು ಎಂಟು ಪಾಲು ಮಾಡಿ ಒಟ್ಟಿಗೆ ಹೊತ್ತು ಒಯ್ಯುತ್ತವೆ. ಆ ಹುಡುಗಿ ಈಗ ಎಲ್ಲಿದ್ದಾಳೋ, ಸಿಕ್ಕರೆ ಇದನ್ನು ಹೇಳಬೇಕು. ಒಂದು ಮಾತನ್ನು ಮರಾಠಿಯಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ಹೊತ್ತುಕೊಂಡು ಬಂದ ನಮ್ಮಿಬ್ಬರ ವಿಷಯವನ್ನೂ ಹೇಳಬೇಕು.

ಒಂದು ಮಧ್ಯಾಹ್ನ ಸಾಗವಾನಿ ತುಂಡು ಕಟ್ಟಿ, ಪೆನ್ ಡ್ರೈವಿನ ಅಳತೆ ಹಾಕಿ ಗುಂಡಿ ಒತ್ತಿದೆ. ಸುಮನ ಕುರ್ಚಿ ಹಾಕಿಕೊಂಡು ಕೂತಳು. ಉಳಿ ಹೋಗಿ ಬಂದು, ಹೋಗಿ ಬಂದು, ಮೊದಲು ಬಾಲ ಕಾಣಿಸಿತು, ಆಮೇಲೆ ರೆಕ್ಕೆ. ಕಡೆಗೆ ಕೊಕ್ಕು ಬಂದಾಗ ಅವಳು ಉಸಿರು ಬಿಟ್ಟದ್ದು ನನಗೆ ಆ ಗದ್ದಲದಲ್ಲೂ ಕೇಳಿಸಿತು. ಹೊಟ್ಟು ಊದಿ, ಹೋಳನ್ನು ಕೈಯಲ್ಲಿ ಹಿಡಿದು ನೋಡಿದಾಗಲೇ ನನಗೆ ತಪ್ಪು ಕಂಡಿತು. ಅಚ್ಚಿನ ಎರಡು ಹೋಳು ಕನ್ನಡಿಯಲ್ಲಿ ನೋಡಿಕೊಂಡಂತೆ ಇರಬೇಕು. ಒಂದು ಗಿಳಿ ಎಡಕ್ಕೆ ನೋಡಿದರೆ ಇನ್ನೊಂದು ಬಲಕ್ಕೆ ನೋಡಬೇಕು, ಇಲ್ಲದಿದ್ದರೆ ಜೋಡಿಸಿದಾಗ ಕೊಕ್ಕಿನ ಜಾಗಕ್ಕೆ ಬೆನ್ನು ಬರುತ್ತದೆ. ಅಳತೆಯನ್ನು ತಿರುವಿಹಾಕುವುದನ್ನು ನಾನು ಮರೆತೇಬಿಟ್ಟಿದ್ದೆ. ಗಣಿತದ ಮಾಸ್ತರ! ಮನೆಯಲ್ಲಿ ಬೇರೆ ಸಾಗವಾನಿ ಇಲ್ಲ, ಬೆಳಗಾದರೆ ಪಾಕ ಇಡುವ ದಿನ.

ಸುಮನಳ ಮುಖ ನೋಡಲು ಧೈರ್ಯ ಬರಲಿಲ್ಲ. ಅವಳು ಏನೂ ಅರಿಯದೆ ನನ್ನ ಕೈಯಿಂದ ಹೊಸ ಹೋಳು ಕಸಿದುಕೊಂಡು ಹಳೆಯದಕ್ಕೆ ಜೋಡಿಸಿದಳು. ಎರಡೂ ಟಕ್ಕೆಂದು ಕೂತವು. ಕೊಕ್ಕಿಗೆ ಕೊಕ್ಕು, ಬಾಲಕ್ಕೆ ಬಾಲ.

ನಾನು ನಂಬದೆ ಯಂತ್ರದ ಹತ್ತಿರ ಹೋಗಿ ಪರೀಕ್ಷಿಸಿದೆ. ಹೊಸ ಕಾರ್ಡಿಗೆ ವಯರುಗಳ ಕೆಲಸ ಗೊತ್ತುಮಾಡುವಾಗ ಎಡಬಲ ಓಡಾಡುವ ಮೋಟಾರಿನ ದಿಕ್ಕನ್ನು ಉಲ್ಟಾ ಕೊಟ್ಟಿದ್ದೆ. ಎಡಕ್ಕೆ ಹೋಗು ಎಂದರೆ ಅದು ಬಲಕ್ಕೆ ಹೋಗುತ್ತಿತ್ತು. ತಿರುವಿಹಾಕಲು ನಾನು ಮರೆತದ್ದನ್ನು ನನ್ನದೇ ಇನ್ನೊಂದು ತಪ್ಪು ತಿರುವಿಹಾಕಿತ್ತು. ಋಣ ಗುಣಿಸು ಋಣ ಧನ ಎಂದು ಎಷ್ಟು ಮಕ್ಕಳಿಗೆ ಕಲಿಸಿದೆ! ಯಾಕೆ ಎಂದು ಕೇಳಿದವರಿಗೆ, ಅದು ನಿಯಮ ಎಂದು ಬಾಯಿ ಮುಚ್ಚಿಸುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೇ ಅದರ ಮೇಲೆ ಪೂರ್ತಿ ನಂಬಿಕೆ ಬಂದದ್ದು ಆ ಮಧ್ಯಾಹ್ನ.

ದಿಲೀಪ ಫೋನು ಮಾಡಿ, “ದಾಜಿ, ಪೋಪಟ ಝಾಲಾ ಕಾ?” ಎಂದು ಕೇಳಿದ. ಪೋಪಟ ಎಂದರೆ ಮರಾಠಿಯಲ್ಲಿ ಗಿಳಿ. ಗಿಳಿ ಆಯಿತೇ ಎಂದೂ ಅರ್ಥ, ಬೇಸ್ತು ಬಿದ್ದಿರೇ ಎಂದೂ ಅರ್ಥ. ಎರಡಕ್ಕೂ ಹೌದು ಎಂದೆ.

ಮರುದಿನ ಸುಮನ ಅಚ್ಚು ನೆನೆಸಿ, ದಾರ ಸುತ್ತಿ, ಪಾಕ ಹೊಯ್ದಳು. ಬಿಚ್ಚಿದಾಗ ಗಿಳಿ ಇಡಿಯಾಗಿ ಬಂತು. ನಾನು ಕೆತ್ತಿದ ಕಡೆಯ ಕಣ್ಣು ಸ್ವಲ್ಪ ದೊಡ್ಡದಾಗಿ, ಏನೋ ಆಶ್ಚರ್ಯ ಕಂಡಂತಿತ್ತು. ಸುಮನ ಅದನ್ನು ಅಂಗೈಯಲ್ಲಿಟ್ಟುಕೊಂಡು ಅತ್ತ ಇತ್ತ ತಿರುಗಿಸಿ ನೋಡಿದಳು. ಹುಣ್ಣಿಮೆಗೆ ಮುಗಳಖೋಡಕ್ಕೆ ಹೋದೆವು. ಅವ್ವ ಮಾಡಿದಂತೆಯೇ ಅವಳು ಗಿಳಿಯನ್ನು ತಟ್ಟೆಯಿಂದ ಎತ್ತಿ ಶ್ರುತಿಯ ಕೈಯಲ್ಲಿಟ್ಟು, ಕೆನ್ನೆ ಸವರಿದಳು.

ನಾಲ್ಕು ದಿನದ ಮೇಲೆ ಶ್ರುತಿಯ ಫೋನು. ನನಗೂ ಕೇಳಲೆಂದು ಸುಮನ ಸ್ಪೀಕರಿಗೆ ಹಾಕಿದಳು. “ಅತ್ತಿ, ಆನಿ, ನವಿಲಾ ಎಲ್ಲಾ ತಿಂದ್ವಿರಿ. ಗಿಳಿ ಅಷ್ಟ ತಿನ್ನಾಕ ಮನಸ್ಸ ಬರವಲ್ದು. ಡಬ್ಬ್ಯಾಗ ಇಟ್ಟೇನ್ರಿ.”

ಸುಮನ ತನ್ನ ಕುಂಟುವ ಕನ್ನಡದಲ್ಲಿ ಹೇಳಿದಳು: “ತಿನ್ನವಾ. ನಾನೂ ಹಂಗ ಡಬ್ಬ್ಯಾಗ ಇಟ್ಟಿದ್ದೆ, ದಿನಾ ತಗದ ನೋಡ್ತಿದ್ದೆ. ಒಂದಿನಾ ನೋಡಿದ್ರ ಇರುವಿ ತಿಂದು ಹೋಗಿದ್ವು. ಆಮ್ಯಾಲ ಅತ್ತಿ ಕೈಲೆ ಎಷ್ಟೋ ಗಿಳಿ ತಿಂದೇನಿ, ಖರೇ ಆ ಮೊದಲ್ನೇ ಗಿಳಿ ರುಚಿ ಇರುವಿಗಷ್ಟ ಗೊತ್ತು. ನೀ ತಿಂದ ಬಿಡು. ಅಚ್ಚು ಐತಿ ಮನ್ಯಾಗ.”

ಇಷ್ಟು ವರ್ಷ ಜೊತೆಗಿದ್ದೂ ಈ ಇರುವೆಯ ಕತೆ ನನಗೆ ಗೊತ್ತಿರಲಿಲ್ಲ. ನನ್ನ ಅವ್ವನೂ ಅದನ್ನು ಕೇಳದೆಯೇ ಹೋದಳು. ಕಣ್ಣು ಒದ್ದೆಯಾಯಿತು, ಮರದ ಹೊಟ್ಟು ಬಿತ್ತೆಂದು ಹೇಳಿದೆ. ಯಂತ್ರ ನಿಂತು ವಾರವಾಗಿದೆ ಎಂಬುದು ಸುಮನಳಿಗೂ ಗೊತ್ತು.

ಮೋಟಾರಿನ ಉಲ್ಟಾ ದಿಕ್ಕನ್ನು ನಾನಿನ್ನೂ ಸರಿಪಡಿಸಿಲ್ಲ, ಪಡಿಸುವ ಮನಸ್ಸೂ ಇಲ್ಲ.

ಸಂಜೆ ಶ್ರುತಿ ಒಂದು ಫೋಟೊ ಕಳಿಸಿದಳು. ತಟ್ಟೆಯಲ್ಲಿ ಗಿಳಿಯ ಬಾಲ ಒಂದೇ ಉಳಿದಿತ್ತು. ಕೆಳಗೆ, ಯಾರನ್ನು ಕೇಳಿ ಕಲಿತಳೋ, ಕನ್ನಡ ಅಕ್ಷರಗಳಲ್ಲಿ ಮರಾಠಿ ಬರೆದಿದ್ದಳು: “ಪೋಪಟ ಪೋರ್ಟಾತ ಗೇಲಾ.” ಗಿಳಿ ಹೊಟ್ಟೆಗೆ ಹೋಯಿತು ಎನ್ನಲು ಹೊರಟು, ಪೋಟಕ್ಕೆ ಇಲ್ಲದ ರಕಾರವೊಂದನ್ನು ಸೇರಿಸಿದ್ದಳು. ಸುಮನ ಓದಿ, ನಕ್ಕು, ಕಣ್ಣೊರೆಸಿಕೊಂಡು, “ಅಹೋ, ಹೀ ಆಪಲ್ಯಾ ಘರಚೀಚ” ಅಂದಳು. ಇವಳು ನಮ್ಮ ಮನೆಯವಳೇ.