ಮಟನ್ ಗಲ್ಲಿಯ ಹಿಂದಿನ ಸಂದು

ನನ್ನ ತಂಗಿ ಕಂಪ್ಯೂಟರಿನಲ್ಲಿ ಊರು ಕಟ್ಟುತ್ತಿದ್ದಳು. ಅದು ಯುದ್ಧದ ಆಟ. ಇಬ್ಬರು ಒಂದೊಂದು ಮೂಲೆಯಲ್ಲಿ ಕೋಟೆ ಹಾಕಿ, ಚಿನ್ನ ಅಗೆದು, ಸೈನ್ಯ ಕಟ್ಟಿ ಹೊಡೆದಾಡಬೇಕು. ಹೊಡೆದಾಡುವ ನೆಲವನ್ನು ಮಾತ್ರ ಯಾರು ಬೇಕಾದರೂ ಹೊಸದಾಗಿ ಮಾಡಬಹುದು. ಅದಕ್ಕೆ ಮ್ಯಾಪ್ ಅನ್ನುತ್ತಾರೆ. ಡಿಗ್ರಿ ಓದುವ ಹುಡುಗಿ ಇಲ್ಲದ ನೆಲಕ್ಕೆ ಗೋಡೆ ಹಾಕುತ್ತ ಕೂತಿರುವುದನ್ನು ನೋಡಿದರೆ ನನಗೆ ನಗು ಬರುತ್ತಿತ್ತು. ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ಶಿವಾಜಿನಗರದ ಅಂಗಡಿಯೊಂದರಲ್ಲಿ ಪರದೆ ಹೊಲಿಯುವವನು. ನನ್ನ ಪರದೆಯಾದರೂ ಯಾರದೋ ಕಿಟಕಿಯಲ್ಲಿ ನೇತಾಡುತ್ತದೆ.

ಅವಳು ಕಟ್ಟಿದ್ದು ಶಿವಾಜಿನಗರವನ್ನೇ. ನಡುವೆ ಮಾರ್ಕೆಟ್ಟು, ಒಂದು ಕಡೆ ಬಸ್ ಸ್ಟ್ಯಾಂಡು, ಸುತ್ತ ಗಲ್ಲಿಗಳು. ಎರಡೂ ಕಡೆಯವರಿಗೆ ಅನುಕೂಲ ಒಂದೇ ಸಮ ಇರಬೇಕು, ಇಲ್ಲದಿದ್ದರೆ ಅಂಥ ಮ್ಯಾಪನ್ನು ಯಾರೂ ಮುಟ್ಟುವುದಿಲ್ಲವಂತೆ. ಅದನ್ನು ನೋಡಲು ಎದುರಿಗೆ ಒಬ್ಬ ಬೇಕಿತ್ತು. ತಾನು ಕಂಪ್ಯೂಟರಿನಲ್ಲಿ ಕೂತು, ಪಕ್ಕದ ಕುರ್ಚಿಯಲ್ಲಿ ತನ್ನ ಲ್ಯಾಪ್‌ಟಾಪಿನ ಮುಂದೆ ನನ್ನನ್ನು ಕೂರಿಸಿದಳು.

"ಗೆಲ್ಲೋಕೆ ಆಡ್ಬೇಡ ಅಣ್ಣ. ತಪ್ಪೆಲ್ಲಿದೆ ಅಂತ ಹುಡುಕು."

"ನನಗೇನು ಬೇರೆ ಕೆಲಸ ಇಲ್ವಾ?"

"ಭಾನುವಾರ ಮಲ್ಕೊಂಡು ಟಿವಿ ನೋಡೋದು ಕೆಲಸಾನಾ?"

ವಾರವಾರವೂ ಸೋತೆ. ಒಂದು ಭಾನುವಾರ ನನ್ನ ಕುದುರೆಗಳು ದಾರಿ ತಪ್ಪಿ ಮಟನ್ ಗಲ್ಲಿಯ ಹಿಂದಕ್ಕೆ ಹೋದವು. ಅಲ್ಲಿ ಗೋಡೆ ಸರಿಯಾಗಿ ಕೂಡಿರಲಿಲ್ಲ. ಆ ಸಂದಿನಿಂದ ನೇರ ಅವಳ ಚಿನ್ನದ ಗಣಿಗೆ ನುಗ್ಗಿದವು. ಅವಳ ಕಡೆಯಿಂದ ಅಂಥ ಅಡ್ಡದಾರಿ ಇರಲಿಲ್ಲ. ಎದುರಾಳಿ ಯಾವ ದಾರಿಯಲ್ಲಿ ಬಂದ ಅನ್ನುವುದು ಆ ಆಟದಲ್ಲಿ ಕಾಣುವುದಿಲ್ಲ.

"ಎಲ್ಲಿಂದ ಬಂದ್ಯೋ? ಭಾರಿ ಕಲಿತ್ಬಿಟ್ಟಿದ್ದೀಯ ಕಣೋ ಅಣ್ಣ!"

ಹಾಗೆ ನನ್ನನ್ನು ಯಾರೂ ಹೊಗಳಿರಲಿಲ್ಲ. ಸುಮ್ಮನೆ ನಕ್ಕೆ. ಆಮೇಲೆ ಅದೇ ಸಂದಿನಲ್ಲಿ ಕಳ್ಳನಂತೆ ನುಗ್ಗಿ ಗೆಲ್ಲುತ್ತಿದ್ದೆ. ಅನುಮಾನ ಬಾರದಿರಲಿ ಎಂದು ಆಗಾಗ ಸೋಲುತ್ತಲೂ ಇದ್ದೆ. ಮ್ಯಾಪ್ ಹೇಗಿದೆ ಎಂದು ಕೇಳಿದರೆ "ಫಸ್ಟ್ ಕ್ಲಾಸು" ಅನ್ನುತ್ತಿದ್ದೆ. ತಂಗಿಯನ್ನು ಸೋಲಿಸಿ ಮೀಸೆ ತಿರುವುವ ಗಂಡಸು!

ಇಂದಿರಾನಗರದ ಒಂದು ಗೇಮಿಂಗ್ ಸೆಂಟರಿನವರು ಪಂದ್ಯಕ್ಕೆ ಅವಳ ಮ್ಯಾಪನ್ನು ಆರಿಸಿದರು. ಇಬ್ಬರೂ ಹೋದೆವು. ಕಿವಿಗೆ ಬಟ್ಟಲಿನಂಥ ಹೆಡ್‌ಫೋನು ಸಿಕ್ಕಿಸಿಕೊಂಡು, ಅಪ್ಪನ ದುಡ್ಡಿನ ಕೋಲ್ಡ್ ಕಾಫಿ ಹೀರುವ ಹುಡುಗರು. ಯುದ್ಧವಂತೆ! ಒಂದು ಬಕೆಟ್ ನೀರು ಎತ್ತಿದರೆ ಸೊಂಟ ಹಿಡಿಯುವ ಸೇನಾಪತಿಗಳು. ಆದರೆ ಆ ಸಂದು ಅವರಿಗೆ ಮೊದಲ ಆಟದಲ್ಲೇ ಸಿಕ್ಕಿತು.

"ಗುರು, ಆ ಕಡೆ ಸಿಕ್ಕಿದವನೇ ವಿನ್ನರ್!"

"ಗೋಡೆ ಕಟ್ಟಿದ ಮೇಸ್ತ್ರಿ ಯಾರು ಮಗಾ?"

ಎಲ್ಲರೂ ನಕ್ಕರು. ಸೆಂಟರಿನವನು ಬೇರೆ ಮ್ಯಾಪ್ ಹಾಕಿದ. ತಂಗಿ ತಲೆ ಎತ್ತಲಿಲ್ಲ. ಬಸ್ಸಿನಲ್ಲಿ ಕೇಳಿದಳು, "ಅಷ್ಟು ಸಲ ಆಡಿದ್ಯಲ್ಲ ಅಣ್ಣ, ನಿನಗೂ ಕಾಣಲಿಲ್ವಾ?"

"ಇಲ್ಲ."

"ಪಾಪ, ನಿನಗೇನು ಗೊತ್ತಾಗತ್ತೆ. ನಾನೇ ನೋಡ್ಬೇಕಿತ್ತು."

ಬೇರೆ ದಿನವಾಗಿದ್ದರೆ ಆ 'ಪಾಪ'ಕ್ಕೆ ರೇಗುತ್ತಿದ್ದೆ. ಅವತ್ತು ಅದರ ಹಿಂದೆ ಬಚ್ಚಿಟ್ಟುಕೊಂಡೆ. ಓದದವನಾಗಿರುವುದು ಬಹಳ ಅನುಕೂಲಕ್ಕೆ ಬಂತು.

ಬಹಳ ದಿನ ಅವಳು ಆ ಆಟ ತೆರೆಯಲಿಲ್ಲ. ಆಮೇಲೆ ಹಲಸೂರು ಕೆರೆಯ ಮ್ಯಾಪ್ ಶುರು ಮಾಡಿದಳು, ಮತ್ತೆ ನನ್ನನ್ನೇ ಕರೆದಳು. ಈ ಸಲವಾದರೂ ನೆಟ್ಟಗಿರೋಣ ಅನ್ನಿಸಿತು. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಕೆರೆ ಏರಿಯ ಹತ್ತಿರ ಬೆರಳಿಟ್ಟು ತೋರಿಸಿದೆ. "ಇಲ್ಲಿ ಸಂದಿದೆ ನೋಡು, ಕುದುರೆ ನುಗ್ಗತ್ತೆ."

ಶಹಭಾಸ್ ಅನ್ನುತ್ತಾಳೆಂದು ಕಾದೆ, ನಾಚಿಕೆಗೆಟ್ಟವನು. ಅವಳು ಸಂದನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಇಷ್ಟು ಬೇಗ ಕಂಡ್ಬಿಡ್ತಾ? ಹಂಗಾದ್ರೆ ಮಟನ್ ಗಲ್ಲೀದು?"

"ಗೊತ್ತಿತ್ತು."

ಅವಳು ಜಗಳ ಆಡಲಿಲ್ಲ. ಏರಿಯ ಸಂದು ಮುಚ್ಚಿದಳು. "ಏಳು ಅಣ್ಣ" ಅಂದಳು.

ಈಗ ಭಾನುವಾರ ನಾನು ಟಿವಿ ಹಾಕಿಕೊಂಡು ಮಲಗಿರುತ್ತೇನೆ. ಅವಳು ಈ ಕುರ್ಚಿಯಿಂದ ಆ ಕುರ್ಚಿಗೆ ಎದ್ದು ಹೋಗಿ, ಮತ್ತೆ ಬಂದು, ಎರಡೂ ಕಡೆ ತಾನೇ ಆಡುತ್ತಾಳೆ.